ಚಾರಣಕ್ಕೆ ಯಾವ ಪುಟ್ಟ ಕ್ಯಾಮೆರಾ? ಮೂರನ್ನೂ ಬೆಟ್ಟ ಹತ್ತಿಸಿ ನೋಡಿದ ಮೇಲೆ

ಹಗುರವಾದ ಕ್ಯಾಮೆರಾ ಹುಡುಕುವವರು ಮೊದಲು ನೋಡುವುದೇ ತೂಕ. ನಾನು ಹೋಲಿಸಿದ ಮೂರರ ಮಟ್ಟಿಗೆ ಆ ಲೆಕ್ಕ ಬೇಗ ಮುಗಿಯುತ್ತದೆ. ಬ್ಯಾಟರಿ, ಕಾರ್ಡ್ ಸೇರಿ ಒಲಿಂಪಸ್ ಟಿಜಿ-6 ತೂಗುವುದು 253 ಗ್ರಾಂ, ರಿಕೋ ಜಿಆರ್ 3 257 ಗ್ರಾಂ, ಸೋನಿ ಆರ್‌ಎಕ್ಸ್100ರ ಏಳನೇ ಮಾದರಿ 302 ಗ್ರಾಂ. ಮೂರೂ 2019ರಲ್ಲಿ ಬಂದವು. ಎರಡು ಲೀಟರ್ ನೀರು ಹೊತ್ತ ಬೆನ್ನಿಗೆ ಐವತ್ತು ಗ್ರಾಂ ಹೆಚ್ಚು ಕಡಿಮೆ ಆದದ್ದು ಗೊತ್ತೇ ಆಗುವುದಿಲ್ಲ. ಬೆಂಗಳೂರಿನಿಂದ ಹೊರಡುವ ನಾವು ಕೇಳಿಕೊಳ್ಳಬೇಕಾದ್ದು ಬೇರೆಯೇ: ನಿಮ್ಮ ಕಾಲು ಹೆಚ್ಚಾಗಿ ಎಳೆಯುವುದು ಒಣ ಬಂಡೆಗಳ ಕಡೆಗೋ, ಮಳೆಗಾಲದ ಮಲೆನಾಡಿನ ಕಡೆಗೋ?

ನಮ್ಮೂರಲ್ಲಿ ಕ್ಯಾಮೆರಾ ಬಾಡಿಗೆಗೆ ಸಿಗುವುದು ದೊಡ್ಡ ಅನುಕೂಲ. ಸೋನಿ, ರಿಕೋ ಎರಡನ್ನೂ ವಾರಾಂತ್ಯಗಳಿಗೆ ಬಾಡಿಗೆಗೆ ತಂದೆ. ಒಲಿಂಪಸ್ ಒಬ್ಬ ಗೆಳೆಯನದು.

ಸೋನಿಯ ಬಲ ಅದರ ಜೂಮ್. 24 ಮಿಲಿಮೀಟರಿನ ಅಗಲ ನೋಟದಿಂದ ದೂರದ್ದನ್ನು ಹತ್ತಿರ ತರುವ 200 ಮಿಲಿಮೀಟರಿನವರೆಗೆ ಹೋಗುವ ಲೆನ್ಸು ಮುಚ್ಚಿದಾಗ ಪ್ಯಾಂಟಿನ ಜೇಬಿನಲ್ಲಿ ಕೂರುತ್ತದೆ. ಇದರ ಬೆಲೆ ನನಗೆ ತಿಳಿದದ್ದು ಮಾಕಳಿದುರ್ಗದಲ್ಲಿ. ಅಲ್ಲಿ ತುದಿಯಲ್ಲಿ ಕೂತರೆ ಕೆಳಗೆ ಹಳಿ ಬಾಗಿ ಹೋಗುವುದು ಕಾಣುತ್ತದೆ. ರೈಲು ತಿರುವಿಗೆ ಬಂದಾಗ ಫೋನಿನಲ್ಲಿ ಅದೊಂದು ಗೀರು ಅಷ್ಟೇ. ಸೋನಿಯಲ್ಲಿ 200ಕ್ಕೆ ಎಳೆದರೆ ಎಂಜಿನ್ನು, ಬೋಗಿಗಳು, ಪಕ್ಕದ ಕುರುಚಲು ಕಾಡು ಎಲ್ಲ ಒಂದೇ ಚೌಕಟ್ಟಿಗೆ ಬಂದವು. ಇನ್ನೊಂದು ಉಪಕಾರ ಅದರ ವ್ಯೂಫೈಂಡರ್. ಮೂಲೆಯಿಂದ ಮೇಲಕ್ಕೇಳುವ ಆ ಪುಟ್ಟ ಕಿಂಡಿಗೆ ಕಣ್ಣಿಟ್ಟರೆ ನಡುಮಧ್ಯಾಹ್ನದ ಬಿಸಿಲಲ್ಲೂ ಏನು ತೆಗೆಯುತ್ತಿದ್ದೇವೆಂಬುದು ಸ್ಪಷ್ಟ. ಮಿಕ್ಕ ಎರಡಕ್ಕೂ ಇದಿಲ್ಲ. ಸಾವನದುರ್ಗದ ಬೋಳು ಬಂಡೆಯ ಮೇಲೆ ಹನ್ನೊಂದು ಗಂಟೆಯ ಹೊತ್ತಿಗೆ ಅವುಗಳ ಪರದೆಗೆ ಕೈ ಅಡ್ಡ ಹಿಡಿದು ನೋಡಬೇಕಾಯಿತು.

ಆದರೆ ಸೋನಿಯ ಮೈ ನುಣುಪು, ಹಿಡಿತವೇ ಇಲ್ಲ. ಬೆವರಿದ ಕೈಗೆ ಅದನ್ನು ಕೊಡಲು ಧೈರ್ಯ ಸಾಲದು; ಮಣಿಕಟ್ಟಿನ ದಾರ ಹಾಕಿಕೊಳ್ಳದೆ ಒಂದು ಫೋಟೊ ಕೂಡ ತೆಗೆಯಬೇಡಿ. ಮೂರರಲ್ಲಿ ಇದೇ ದುಬಾರಿ ಬೇರೆ. 200 ಮಿಲಿಮೀಟರ್ ಇದೆಯೆಂದು ಹಕ್ಕಿಗಳ ಆಸೆಯನ್ನೂ ಇಟ್ಟುಕೊಳ್ಳಬೇಡಿ. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಣೆಯಾದ ರಾಮದೇವರ ಬೆಟ್ಟದಲ್ಲಿ ಎತ್ತರಕ್ಕೆ ಸುತ್ತುವ ಹಕ್ಕಿ ಇದರಲ್ಲಿ ಚುಕ್ಕೆಯಾಗಿಯೇ ಉಳಿಯುತ್ತದೆ.

ರಿಕೋದಲ್ಲಿ ಜೂಮ್ ಇಲ್ಲ, ಫ್ಲ್ಯಾಶ್ ಇಲ್ಲ. 28 ಮಿಲಿಮೀಟರಿನ ಒಂದೇ ಅಗಲ ನೋಟ. ಅಷ್ಟು ಬಿಟ್ಟುಕೊಟ್ಟಿದ್ದಕ್ಕೆ ಸಿಗುವುದು ಹಲವು ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರು, ಅಂದರೆ ಬೆಳಕನ್ನು ಹಿಡಿದು ಚಿತ್ರ ಮಾಡುವ ಫಲಕ. ಅದರ ವಿಸ್ತಾರ ಸೋನಿಯ ಒಂದಿಂಚಿನ ಸೆನ್ಸರಿನ ಮೂರು ಪಟ್ಟು, ಒಲಿಂಪಸ್‌ನ ಸೆನ್ಸರಿನ ಹದಿಮೂರು ಪಟ್ಟು. ಈ ಅಂಕಿಗಳ ಅರ್ಥ ಸ್ಕಂದಗಿರಿಯಲ್ಲಿ ಕಣ್ಣಿಗೇ ಕಂಡಿತು. ಸೂರ್ಯ ಮೇಲೇಳುವ ಮುಂಚೆ ಮೋಡ ಕೆಳಗೆ ಹಾಸಿಕೊಂಡಿರುತ್ತದೆ, ಆಕಾಶ ಕೆಂಪಗೆ ಹೊಳೆಯುತ್ತದೆ, ಕಾಲಬುಡದ ಕೋಟೆಗೋಡೆ ಮಾತ್ರ ಕಪ್ಪು. ರಿಕೋದ ರಾ ಫೈಲನ್ನು (ಸೆನ್ಸರು ಹಿಡಿದದ್ದನ್ನೆಲ್ಲ ಹಾಗೇ ಉಳಿಸಿಕೊಳ್ಳುವ ಕಡತ) ಮನೆಯಲ್ಲಿ ಕಂಪ್ಯೂಟರಿನಲ್ಲಿ ತೆರೆದು ನೆರಳನ್ನು ಎತ್ತಿದರೆ ಆ ಕಪ್ಪಿನೊಳಗಿಂದ ಕಲ್ಲುಗಳ ಸಂದಿ, ಹುಲ್ಲಿನ ಎಸಳು ಹೊರಬರುತ್ತವೆ, ಆಕಾಶದ ಬಣ್ಣವೂ ಉಳಿದಿರುತ್ತದೆ. ಒಲಿಂಪಸ್‌ನಲ್ಲಿ ಅಂಥದೇ ಬೆಳಕಿನಲ್ಲಿ ತೆಗೆದ ಫೋಟೊದ ನೆರಳನ್ನು ಎತ್ತಿದರೆ ಬರುವುದು ಬರೀ ಬಣ್ಣದ ಕಾಳುಗಳು.

ನಡೆಯುವಾಗ ಒಂದೇ ಕೈಯಲ್ಲಿ ಬಳಸಲಿಕ್ಕೆ ರಿಕೋವನ್ನು ಮೀರಿಸಿದ್ದಿಲ್ಲ. ಫೋಕಸ್ ದೂರವನ್ನು ಮೊದಲೇ ಎರಡು ಮೀಟರಿಗೋ ಎರಡೂವರೆಗೋ ಗೊತ್ತು ಮಾಡಿಟ್ಟು, ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಸಾಕು, ಫೋಕಸ್ ಹುಡುಕುತ್ತಾ ಕೂರದೆ ಚಿತ್ರ ತೆಗೆಯುತ್ತದೆ. ಮುಂದೆ ಹೋಗುತ್ತಿದ್ದವರು ತಿರುಗಿ ನಕ್ಕಿದ್ದು, ಗೈಡ್ ಅಣ್ಣ ಬೀಡಿ ಹಚ್ಚಲು ಕೈ ಮರೆ ಮಾಡಿದ್ದು, ಇಂಥವು ಸಿಕ್ಕಿದ್ದೆಲ್ಲ ಇದರಲ್ಲೇ. ಆದರೆ ಬ್ಯಾಟರಿ ಕಂಪನಿಯ ಲೆಕ್ಕದಲ್ಲೇ ಸುಮಾರು 200 ಚಿತ್ರಕ್ಕೆ ಮುಗಿಯುತ್ತದೆ (ಸೋನಿಗೆ 260, ಒಲಿಂಪಸ್‌ಗೆ 340), ಹಾಗಾಗಿ ಜೇಬಿನಲ್ಲಿ ಇನ್ನೊಂದು ಇರಲೇಬೇಕು. ಅದಕ್ಕಿಂತ ಮುಖ್ಯ, ಮಳೆ, ದೂಳು ಒಳಹೋಗದಂತೆ ಇದರ ಮೈಯನ್ನು ಮುಚ್ಚಿ ಭದ್ರ ಮಾಡಿಲ್ಲ. ಲೆನ್ಸು ಹೊರಬಂದು ಒಳಹೋಗುವಾಗ ದೂಳನ್ನೂ ಎಳೆದುಕೊಳ್ಳುತ್ತದೆ, ಅದು ಸೆನ್ಸರಿನ ಮೇಲೆ ಕೂತು, ಸೆನ್ಸರನ್ನು ಕಂಪಿಸಿ ದೂಳು ಕೊಡವುವ ವ್ಯವಸ್ಥೆಗೂ ಜಗ್ಗದಿದ್ದರೆ ಕ್ಯಾಮೆರಾವನ್ನೇ ಬಿಚ್ಚಬೇಕು.

ಇನ್ನು ಕುದುರೆಮುಖ. ಮುಳ್ಳೋಡಿಯಿಂದ ಹೊರಟ ಮೇಲೆ ಮಳೆ, ಹಳ್ಳ, ಇಂಬಳ, ಮತ್ತೆ ಮಳೆ. ಜುಲೈಯಲ್ಲಿ ಅಲ್ಲಿ ಫೋನು ಪ್ಲಾಸ್ಟಿಕ್ಕಿನೊಳಗೆ. ಹೊರಗೆ ತೆಗೆದರೂ ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ರಿಕೋ, ಸೋನಿ ಎರಡನ್ನೂ ಇಂಥ ಜಾಗದಲ್ಲಿ ಚೀಲದಿಂದ ಆಚೆ ತೆಗೆಯುವ ಹಾಗಿಲ್ಲ. ಟಿಜಿ-6 ಮಾತ್ರ ಇಡೀ ದಿನ ಭುಜದ ಪಟ್ಟಿಗೆ ನೇತಾಡಿಕೊಂಡೇ ಇತ್ತು. 15 ಮೀಟರ್ ನೀರಿನಾಳವನ್ನೂ 2.1 ಮೀಟರಿನಿಂದ ಬಿದ್ದ ಪೆಟ್ಟನ್ನೂ ತಾಳುವಂತೆ ಮಾಡಿದ ಯಂತ್ರ ಇದು. ಜೂಮ್ ಮಾಡಿದರೂ ಲೆನ್ಸು ಹೊರಗೆ ಬರುವುದಿಲ್ಲ, ಎಲ್ಲ ಒಳಗೇ ನಡೆಯುತ್ತದೆ. ಲೆನ್ಸಿನ ಮುಂದಿನ ಗಾಜು ಎರಡು ಪದರದ್ದು, ಹಾಗಾಗಿ ಒಳಗೆ ಮಂಜು ಕಟ್ಟುವುದೂ ಕಡಿಮೆ. ಕೆಸರಾದರೆ ಹಳ್ಳದಲ್ಲಿ ಅದ್ದಿ ತೊಳೆದು ಮುಂದೆ ನಡೆದೆ.

ಇದರ ನಿಜವಾದ ಸೊಗಸು ಮೈಕ್ರೋಸ್ಕೋಪ್ ಮೋಡ್. ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿದ್ದರೂ ಫೋಕಸ್ ಆಗುತ್ತದೆ. ದಾರಿಪಕ್ಕದ ಎಲೆಯ ಮೇಲೆ ಉಗುರಿನಷ್ಟಿದ್ದ ಮರಗಪ್ಪೆಯೊಂದು ಕೂತಿತ್ತು. ಅಷ್ಟು ಹತ್ತಿರ ಹೋದಾಗ ಕ್ಯಾಮೆರಾದ ನೆರಳೇ ಅದರ ಮೇಲೆ ಬೀಳುತ್ತದೆ. ಲೆನ್ಸಿನ ಸುತ್ತ ಸಿಕ್ಕಿಸುವ, ಕ್ಯಾಮೆರಾದ ಎಲ್ಇಡಿ ಬೆಳಕನ್ನು ವೃತ್ತವಾಗಿ ಹರಡುವ ಬಳೆಯೊಂದು ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ಹಾಕಿದೆ. ಗಂಟಲು ಬಡಿದುಕೊಳ್ಳುವುದು, ಬೆನ್ನಿನ ಮೇಲಿನ ಒಂದೊಂದು ಹನಿ, ಕಣ್ಣಿನ ಸುತ್ತಲ ಚಿನ್ನದ ಗೆರೆ, ಪರದೆ ತುಂಬ ಕಪ್ಪೆಯೇ. ಈ ಕೆಲಸ ಮಿಕ್ಕ ಎರಡರ ಕೈಲಾಗುವುದಿಲ್ಲ.

ಕೊರತೆಯನ್ನೂ ಹೇಳಬೇಕು. ಬೆಟ್ಟದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನೊಳಗೆ ಬೆಳಕು ಕಡಿಮೆಯಾದ ಕೂಡಲೇ ಎಲೆಗಳು ಒಂದಕ್ಕೊಂದು ಕಲಸಿಕೊಳ್ಳುತ್ತವೆ. 12 ಮೆಗಾಪಿಕ್ಸೆಲ್‌ನ ಆ ಚಿಕ್ಕ ಸೆನ್ಸರಿನಿಂದ ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ನಿರೀಕ್ಷಿಸಬೇಡಿ. ಬಿಸಿಲಿನ ದಿನದ ಬಯಲುನೋಟಕ್ಕೆ ಈಗಿನ ಒಳ್ಳೆಯ ಫೋನೇ ಇದಕ್ಕಿಂತ ವಾಸಿ.

ಇಷ್ಟಾಗಿಯೂ ನಾನು ಕೊಂಡದ್ದು ಟಿಜಿ-6. ನನ್ನ ಚಾರಣಗಳು ಹೆಚ್ಚಾಗಿ ಜೂನಿನಿಂದ ಅಕ್ಟೋಬರಿನ ನಡುವೆ, ಘಟ್ಟದ ಕಡೆಗೆ. ಆ ಹಸಿರು, ಆ ಕಪ್ಪೆ, ಆ ಹಳ್ಳಗಳು ಚೀಲದೊಳಗೆ ಬೆಚ್ಚಗಿರುವ ಉತ್ತಮ ಕ್ಯಾಮೆರಾಕ್ಕೆ ಸಿಗುವುದಿಲ್ಲ. ನೀವು ನವೆಂಬರಿನಿಂದ ಫೆಬ್ರವರಿವರೆಗೆ ಚಿಕ್ಕಬಳ್ಳಾಪುರ, ರಾಮನಗರ, ಕೋಲಾರದ ಬೆಟ್ಟಗಳನ್ನೇ ಸುತ್ತುವವರಾದರೆ ನನ್ನ ಆಯ್ಕೆಯನ್ನು ಅನುಸರಿಸಬೇಡಿ, ರಿಕೋ ತೆಗೆದುಕೊಳ್ಳಿ. ಚಿತ್ರದ ಗುಣದಲ್ಲಿ ಅದರ ಹತ್ತಿರ ಇವೆರಡೂ ಬರುವುದಿಲ್ಲ. ಮನೆಮಂದಿಯ ಪ್ರವಾಸ, ಮದುವೆ, ಮಕ್ಕಳ ಆಟ ಎಲ್ಲಕ್ಕೂ ಒಂದೇ ಕ್ಯಾಮೆರಾ ಸಾಕು ಎನ್ನುವವರಿಗೆ ಸೋನಿ. ಟಿಜಿ-7 2023ರಲ್ಲಿ ಬಂದಿದೆ; ಲೆನ್ಸು, ಸೆನ್ಸರು ಹಳೆಯವೇ, ಚಾರ್ಜಿಂಗಿಗೆ ಯುಎಸ್‌ಬಿ-ಸಿ ಸಿಕ್ಕಿದೆ. ಪವರ್‌ಬ್ಯಾಂಕಿನ ಜೊತೆ ಒಂದೇ ಕೇಬಲ್ ಒಯ್ಯಬಹುದು ಅನ್ನುವುದು ಸಣ್ಣ ಲಾಭವಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ರಿಕೋದ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ) ಅತಿ ಕಿರಿದಾದ ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ ನೋಡಿ, ಕಪ್ಪು ಚುಕ್ಕೆ ಕಂಡರೆ ಒಳಗೆ ದೂಳು ಕೂತಿದೆ. ಸೋನಿಯ ಜೂಮನ್ನು ಹಲವು ಸಲ ಕೊನೆಯವರೆಗೆ ಎಳೆದು, ಮರಳು ಉಜ್ಜಿದಂಥ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ಟಿಜಿಯಲ್ಲಿ ಬ್ಯಾಟರಿ ಬಾಗಿಲು ತೆರೆದು ಅಂಚಿನ ರಬ್ಬರಿನ ಮೇಲೆ ಬೆರಳಾಡಿಸಿ. ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ ಅಂಥದ್ದನ್ನು ನೀರಿಗಿಳಿಸಲಾಗದು, ಕೊಳ್ಳಬೇಡಿ.