ದೂರು ಪರಿಹಾರವಾಗಿದೆಯಂತೆ, ಮನೆಯಲ್ಲಿ ಮಾತ್ರ ಕತ್ತಲೆ: 1912ರ ಜೊತೆ ಆರು ಮಳೆಗಾಲ

‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ಧನ್ಯವಾದಗಳು.’

ಈ ಮೆಸೇಜನ್ನು ನಾನು ಮೊದಲ ಸಲ ಓದಿದ್ದು ಮೇಣದಬತ್ತಿ ಬೆಳಕಿನಲ್ಲಿ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮದುಮಗಳ ಬ್ಲೌಸಿನ ತೋಳು. ಮೇ ತಿಂಗಳ ಗುಡುಗು ಮಳೆ. ಬೆಳಿಗ್ಗೆ ಆರೂವರೆಗೆ ಮುಹೂರ್ತ. ಪರಿಹಾರ ಎಲ್ಲಾಗಿದೆ ಅಂತ ತಲೆ ಎತ್ತಿ ಫ್ಯಾನ್ ನೋಡಿದೆ. ಅದು ಅಲ್ಲಾಡಲಿಲ್ಲ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಊರು ಮಲೆನಾಡಿನ ಅಂಚಿನಲ್ಲಿದೆ. ವಿದ್ಯುತ್ ಕಂಪನಿಯ ಹೆಸರು ಬರೆಯುವುದಿಲ್ಲ. ಕಂಪನಿ ಯಾವುದಾದರೂ ಕರ್ನಾಟಕದಲ್ಲಿ ದೂರಿಗೆ ಎಲ್ಲರೂ ಒತ್ತುವುದು ಅದೇ ಸಹಾಯವಾಣಿ ನಂಬರ್ 1912. ಆ್ಯಪ್ ಇದೆ, ವಾಟ್ಸಾಪ್ ಇದೆ, ಅದೆಲ್ಲ ಬಿಲ್ಲಿನ ಹಿಂದೆಯೇ ಅಚ್ಚಾಗಿರುತ್ತದೆ, ಬಿಡಿ. ಆರು ವರ್ಷ ಬಳಸಿದ ಮೇಲೆ ಅನಿಸಿದ್ದನ್ನು ಮಾತ್ರ ಹೇಳುತ್ತೇನೆ.

ಮೊದಲನೇ ವರ್ಷ ಕರೆಂಟು ಹೋದ ತಕ್ಷಣ ಫೋನ್ ಎತ್ತುತ್ತಿದ್ದೆ. ಈಗ ಹಾಗೆ ಮಾಡಲ್ಲ. ಮೊದಲು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆಫ್. (ಒಮ್ಮೆ ಮರೆತು ಮಲಗಿದ್ದೆ. ರಾತ್ರಿ ಯಾವಾಗಲೋ ಕರೆಂಟು ಬಂದು ಗಿರಾಕಿಯ ರೇಷ್ಮೆ ಸೀರೆಯ ಫಾಲ್ ಸುಟ್ಟಿತ್ತು. ಆ ದುಡ್ಡು ನನ್ನ ಕೈಯಿಂದಲೇ ಹೋಯಿತು.) ಆಮೇಲೆ ನಮ್ಮದೇ ಬೋರ್ಡಿನ ಎಂಸಿಬಿ ಸ್ವಿಚ್ ಕೆಳಗೆ ಬಿದ್ದಿದೆಯಾ ಅಂತ ನೋಡುತ್ತೇನೆ. ಆಮೇಲೆ ಜಗಲಿಗೆ ಬಂದು ನಿಲ್ಲುತ್ತೇನೆ. ಎದುರಿಗೆ ಹಿಟ್ಟಿನ ಗಿರಣಿ, ಅದರಾಚೆ ದೇವಸ್ಥಾನದ ಟ್ಯೂಬ್‌ಲೈಟು, ದೂರದಲ್ಲಿ ಸರ್ಕಲ್ಲಿನ ಲಾಡ್ಜ್. ಲಾಡ್ಜಿನವರಿಗೆ ಜನರೇಟರ್ ಇದೆ, ಅದು ಲೆಕ್ಕಕ್ಕಿಲ್ಲ. ಉಳಿದೆರಡೂ ಕಡೆ ಕತ್ತಲೆಯಾದರೆ ಫೀಡರೇ, ಅಂದರೆ ಸಬ್‌ಸ್ಟೇಷನ್ನಿನಿಂದ ಬರುವ ದೊಡ್ಡ ಲೈನೇ ಹೋಗಿದೆ ಅಂತ. ಆಗ ಫೋನ್ ಮಾಡುವವರು ಊರು ತುಂಬ ಇರುತ್ತಾರೆ, ನಾನೂ ಮಾಡಿದರೆ ಸುಮ್ನೆ ಇನ್ನೊಂದು ಗಲಾಟೆ. ಗಿರಣಿಯಲ್ಲಿ ದೀಪ ಇದ್ದು ನಮ್ಮಲ್ಲಿ ಇಲ್ಲದಿದ್ದರೆ ಮಾತ್ರ 1912.

ಅಲ್ಲಿ ಕೇಳುವುದು ಎರಡೇ ಪ್ರಶ್ನೆ. ಆರ್.ಆರ್. ನಂಬರ್ (ನಮ್ಮ ಮನೆಯ ಸಂಪರ್ಕದ ನಂಬರ್) ಎಷ್ಟು? ಬರೀ ನಿಮ್ಮ ಮನೆಗಾ, ಇಡೀ ಏರಿಯಾಕ್ಕಾ? ನಂಬರನ್ನು ಬಾಗಿಲ ಹಿಂದೆ ಟೈಲರ್ ಚಾಕಿನಲ್ಲಿ ಬರೆದಿಟ್ಟಿದ್ದೆ. ಅತ್ತೆ ದೀಪಾವಳಿಗೆ ಬಾಗಿಲು ಒರೆಸಿದರು, ನಂಬರೂ ಹೋಯಿತು. ಈಗ ಮಾರ್ಕರಿನಲ್ಲಿದೆ. ಎರಡನೇ ಪ್ರಶ್ನೆ ಕೇಳಿದಾಗ ಮೊದಮೊದಲು ರೇಗುತ್ತಿತ್ತು. ಕತ್ತಲಲ್ಲಿ ಕೂತವಳಿಗೆ ಏರಿಯಾದ ಸುದ್ದಿ ಹೇಗೆ ಗೊತ್ತಾಗಬೇಕು? ಆದರೆ ಇಡೀ ಆಟ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಅದು ಗೊತ್ತಾಗಿದ್ದು ಆ ಮೇ ತಿಂಗಳ ರಾತ್ರಿ.

ಅಕೇಶಿಯಾ ಕೊಂಬೆಯೊಂದು 11 ಕೆ.ವಿ. ಲೈನಿನ ಮೇಲೆ ಬಿದ್ದಿತ್ತು. ಏಳು ಗಂಟೆಗೆ ಹೋದ ಕರೆಂಟು ಹತ್ತೂವರೆಗೆ ಗಿರಣಿಗೆ ಬಂತು, ದೇವಸ್ಥಾನಕ್ಕೆ ಬಂತು, ನಮಗೆ ಬರಲಿಲ್ಲ. ನಮಗೆ ಬಂದಿದ್ದು ಮೆಸೇಜು. ಮತ್ತೆ 1912ಕ್ಕೆ ಮಾಡಿದೆ. ‘ಮೇಡಂ, ನಿಮ್ಮ ದೂರು ಕ್ಲೋಸ್ ಆಗಿದೆ’ ಅಂದರು. ಕರೆಂಟೇ ಇಲ್ಲವಲ್ಲ ಅಂದೆ. ‘ಹಾಗಾದರೆ ಹೊಸ ದೂರು ತಗೊಳ್ತೀನಿ.’ ಹಳೆಯದು ಪರಿಹಾರವಾಗಿದೆ, ಹೊಸದು ಶುರುವಾಗಿದೆ! ಸಿಟ್ಟಿಗೆ ಲೈನ್‌ಮ್ಯಾನ್ ನಂಬರಿಗೆ ನಾಲ್ಕು ಸಲ ಮಾಡಿದೆ. ಎತ್ತಲಿಲ್ಲ.

ಹನ್ನೆರಡರ ಹೊತ್ತಿಗೆ ಅವರು ಬಂದರು. ಮೈಯೆಲ್ಲ ನೆನೆದಿತ್ತು. ‘ಅಕ್ಕಾ, ಎಲ್.ಸಿ. ಮೇಲಿದ್ದೆ, ಫೋನ್ ಬೈಕಿನ ಚೀಲದಲ್ಲಿತ್ತು’ ಅಂದರು. ಎಲ್.ಸಿ. ಅಂದರೆ ಲೈನ್ ಕ್ಲಿಯರ್. ಆ ಲೈನನ್ನು ಮುಟ್ಟುವ ಮೊದಲು ಸಬ್‌ಸ್ಟೇಷನ್ನಿನಿಂದ ಅದನ್ನು ತಗೊಳ್ಳಬೇಕು. ಕೆಲಸ ಮುಗಿಸಿ ಅವರು ವಾಪಸ್ ಕೊಡುವ ತನಕ ಅಲ್ಲಿ ಯಾರೂ ಲೈನ್ ಚಾರ್ಜ್ ಮಾಡುವ, ಅಂದರೆ ಅದಕ್ಕೆ ಕರೆಂಟು ಬಿಡುವ ಹಾಗಿಲ್ಲ. ‘ಫೀಡರ್ ಚಾರ್ಜ್ ಆಯ್ತಲ್ಲ, ಅದರ ಮೇಲಿದ್ದ ದೂರೆಲ್ಲ ಒಟ್ಟಿಗೆ ಕ್ಲೋಸ್ ಮಾಡಿರ್ತಾರೆ. ನಿಮ್ಮದು ಕಂಬದ್ದು, ಬೇರೆ’ ಅಂತ ಅವರೇ ಬಿಡಿಸಿ ಹೇಳಿದರು.

ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರ ಹೋಗಿ ಆಫ್ ಮಾಡಿ ಬಂದರು. ಬೀದಿಯೆಲ್ಲ ಮತ್ತೆ ಕತ್ತಲೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಏಣಿ ಹತ್ತಿದರು. ಕೆಳಗಿನಿಂದ ನಾನೊಂದು ಟಾರ್ಚ್ ಹಿಡಿದಿದ್ದೆ. ಅಷ್ಟರಲ್ಲಿ ಕಂಬದ ಮೇಲೆ ಅವರ ಜೇಬಲ್ಲಿ ಫೋನ್ ರಿಂಗಾಯಿತು. ಒಂದು ಸಲ, ಎರಡು ಸಲ. ಮಾಡುತ್ತಿದ್ದವರು ನಮ್ಮ ಅತ್ತೆ! ಒಳಗೆ ಕೂತವರಿಗೆ ಹೊರಗಿನ ಸುದ್ದಿ ಗೊತ್ತಿಲ್ಲ. ಲೈನ್‌ಮ್ಯಾನ್ ಫೋನ್ ಎತ್ತಲ್ಲ ಅಂತ ಗೊಣಗುತ್ತಲೇ ಒತ್ತುತ್ತಿದ್ದರು. ನಾನು ಓಡಿಹೋಗಿ ಅತ್ತೆಯ ಕೈಯಿಂದ ಫೋನ್ ಕಿತ್ತುಕೊಂಡೆ. ನನ್ನ ನಾಲ್ಕು ಮಿಸ್ಡ್ ಕಾಲೂ ಅದೇ ಜೇಬಲ್ಲಿದ್ದವು. ಆ ವಿಷಯ ನಾನು ಎತ್ತಲಿಲ್ಲ, ಲೈನ್‌ಮ್ಯಾನೂ ಎತ್ತಲಿಲ್ಲ.

ಜಂಪ್ ಕಟ್ ಆಗಿತ್ತು. ಕಂಬದ ತಂತಿಗೂ ನಮ್ಮ ಮನೆಯ ಸರ್ವಿಸ್ ವೈರಿಗೂ ಸೇರುವ ತುಂಡು ತಂತಿಗೆ ಇವರು ಜಂಪ್ ಅನ್ನುತ್ತಾರೆ. ಅಲ್ಯೂಮಿನಿಯಂ ತುದಿ ಸುಟ್ಟು ಕಪ್ಪಗಾಗಿ, ಮೇಲೆ ಬೂದಿ ಥರ ಬಿಳಿ ಪುಡಿ. ಕಟಿಂಗ್ ಪ್ಲೇಯರಿನಲ್ಲಿ ಕೆರೆದು ಬಿಗಿಯಾಗಿ ಸುತ್ತಿದರು. ‘ಸದ್ಯಕ್ಕೆ ಸುತ್ತಿದೀನಿ ಅಕ್ಕಾ. ಕ್ಲಾಂಪ್ ಹಾಕ್ಬೇಕು, ಸ್ಟೋರಲ್ಲಿ ಇಲ್ಲ.’ ನನಗೆ ತಕ್ಷಣ ಅರ್ಥವಾಯಿತು. ಇದು ಕಚ್ಚಾ ಹೊಲಿಗೆ. ಟ್ರಯಲ್ ನೋಡೋಕೆ ಸಾಕು, ತೊಟ್ಟು ಓಡಾಡೋಕೆ ಅಲ್ಲ. ಒಂದು ಲೋಟ ಕಾಫಿ ಕುಡಿದು ಹೊರಟರು. ಬ್ಲೌಸು ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಿತು.

ಇಲ್ಲಿವರೆಗೆ ಓದಿ ನಾನು ಕರಗಿಹೋದೆ ಅಂದುಕೊಳ್ಳಬೇಡಿ.

ಆ ಕಚ್ಚಾ ಹೊಲಿಗೆ ಅದೇ ಮಳೆಗಾಲದಲ್ಲಿ ನಾಲ್ಕು ಸಲ ಬಿಚ್ಚಿತು. ನಾಲ್ಕು ಸಲವೂ 1912, ನಾಲ್ಕು ದೂರು ಸಂಖ್ಯೆ, ನಾಲ್ಕು ‘ಪರಿಹರಿಸಲಾಗಿದೆ’. ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾ ಹೋದೆ. ಒಂದು ದಿನ ನೋಡುವಾಗ ತಲೆ ಕೆಟ್ಟಿತು. ಕಂಪನಿಯ ಲೆಕ್ಕದಲ್ಲಿ ನಾಲ್ಕು ದೂರು ಬಂದಿವೆ, ನಾಲ್ಕೂ ಪರಿಹಾರವಾಗಿವೆ. ನೂರಕ್ಕೆ ನೂರು! ನನ್ನ ಲೆಕ್ಕದಲ್ಲಿ ದೂರು ಒಂದೇ, ಅದು ಹಾಗೇ ಇದೆ. ನನ್ನ ಜಗಳ ಇರುವುದು ಇದರ ಜೊತೆ. ಲೈನ್‌ಮ್ಯಾನ್ ಜೊತೆ ಅಲ್ಲ, ಫೋನ್ ಎತ್ತುವ ಹುಡುಗಿಯ ಜೊತೆಯೂ ಅಲ್ಲ. ಕ್ಲೋಸ್ ಮಾಡುವ ಮೊದಲು ‘ಕರೆಂಟು ಬಂತಾ’ ಅಂತ ಒಂದು ಮಾತು ಕೇಳಿದರೆ ಏನು ಕಷ್ಟ? ಒಂದು ಒತ್ತಿದರೆ ಬಂದಿದೆ, ಎರಡು ಒತ್ತಿದರೆ ಬಂದಿಲ್ಲ. ಅಷ್ಟೇ ಸಾಕು.

‘ಕರೆಂಟೇ ಫ್ರೀ, ಇನ್ನೇನ್ ಕಂಪ್ಲೇಂಟು’ ಅಂತ ಪಕ್ಕದ ಮನೆಯ ಅಣ್ಣ ನಗುತ್ತಾರೆ. ಗೃಹಜ್ಯೋತಿ 2023ರಲ್ಲಿ ಬಂದಾಗಿನಿಂದ ಈ ಮಾತು ಜಾಸ್ತಿಯಾಗಿದೆ. ನಾವು 200 ಯೂನಿಟ್ ದಾಟುವ ಪೈಕಿ ಅಲ್ಲ, ಬಿಲ್ಲು ಸೊನ್ನೆ, ನಿಜ. ಆದರೆ ಆ ದುಡ್ಡನ್ನು ಸರ್ಕಾರ ಕಂಪನಿಗೆ ಕಟ್ಟುತ್ತದೆ. ಕಂಪನಿ ನನಗೆ ಧರ್ಮಕ್ಕೆ ಕೊಡುತ್ತಿಲ್ಲ ಅಲ್ವಾ?

ಕೊನೆಗೆ ಒಂದು ಬಿಳಿ ಹಾಳೆಯಲ್ಲಿ ನಾಲ್ಕೂ ನಂಬರು, ತಾರೀಕು, ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆದು ಕಂಪನಿಯ ಸೆಕ್ಷನ್ ಆಫೀಸಿಗೆ ಹೋದೆ. ಕೆಳಗೆ ಒಂದೇ ವಾಕ್ಯ: ಜಂಪ್ ಬದಲಿಸಿ ಕ್ಲಾಂಪ್ ಹಾಕಿಕೊಡಿ. ಗೋಡೆಯ ಮೇಲೆ ಬೋರ್ಡ್ ಇತ್ತು. ಫ್ಯೂಸ್ ಹೋದರೆ ಪಟ್ಟಣದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆ. ಟಿ.ಸಿ. ಸುಟ್ಟರೆ ಪಟ್ಟಣದಲ್ಲಿ 24, ಹಳ್ಳಿಯಲ್ಲಿ 72. ಒಂದೇ ಜಂಪ್ ನಾಲ್ಕು ಸಲ ಹೋದರೆ ಏನು ಅಂತ ಮಾತ್ರ ಇರಲಿಲ್ಲ. ಜೆ.ಇ. (ಜೂನಿಯರ್ ಎಂಜಿನಿಯರ್) ಓದಿದರು. ‘ಇದೆಲ್ಲ ಯಾಕಮ್ಮ, ಫೋನ್ ಮಾಡಿದ್ರೆ ಆಗ್ತಿತ್ತು’ ಅಂದರು. ಮಾಡಿದ್ದೇನೆ ಸಾರ್, ಮೇಲೆ ನಂಬರಿದೆ ನೋಡಿ ಅಂದೆ. ಜೆರಾಕ್ಸ್ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡೇ ಎದ್ದೆ. ಇದರ ಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ತನಕ ಹೋಗುವ ಕೆಲಸ ಬರಲಿಲ್ಲ. ಒಂಬತ್ತನೇ ದಿನ ಕ್ಲಾಂಪ್ ಬಂತು. ಆಮೇಲೆ ಎರಡು ಮಳೆಗಾಲ ಕಳೆದಿವೆ, ಆ ಜಂಪ್ ಮತ್ತೆ ಕೈಕೊಟ್ಟಿಲ್ಲ.

ಐದರಲ್ಲಿ ಮೂರು ಸ್ಟಾರ್. ಆ ಸುಳ್ಳು ಮೆಸೇಜು ನಿಂತರೆ ನಾಲ್ಕು ಕೊಡುತ್ತೇನೆ. ಇನ್ವರ್ಟರ್ ತಗೊಳ್ಳಿ ಅಂತ ಕೆಲವರು ಹೇಳಬಹುದು. ಬ್ಯಾಟರಿ ಸೇರಿ ಅಂಗಡಿಯವರು ನನಗೆ ಹೇಳಿದ್ದು 22,000. ಅಷ್ಟು ಕೊಟ್ಟರೂ ಅದರಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕುವ ಹಾಗಿಲ್ಲ. ತುಳಿಯುವ ಮಷಿನ್ ಇದೆ, ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಒಂದು ಕರೆಂಟಿಗೆ ಕಾಯುತ್ತದೆ.

ಮೊದಲೇ ತಿಳಿಸಿ ತೆಗೆಯುವ ಕರೆಂಟಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. ನಿಜ ಹೇಳಬೇಕೆಂದರೆ ಆ ದಿನಗಳೇ ಇಷ್ಟ. ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರ ತನಕ ಇಲ್ಲವಂತೆ, ಮೆಸೇಜು ಬಂದಿದೆ. ಹದಿನಾಲ್ಕು ಬ್ಲೌಸಿನ ಹುಕ್ಕು, ಕಾಜಾ ಬಾಕಿ ಇವೆ. ಎಲ್ಲ ತೆಗೆದು ಜಗಲಿಯ ಹತ್ತಿರ ಇಟ್ಟಿದ್ದೇನೆ.