ಸಪ್ತಾಪುರದ ವೀಕೆಂಡ್ ಇಂಗ್ಲಿಷ್ ಕ್ಲಾಸು: ಆರು ವಾರ ಹೋಗಿಬಂದ ಮ್ಯಾಲ ಬರದದ್ದು

ನಾ ಹುಬ್ಬಳ್ಳಿ ಕೊಪ್ಪಿಕರ ರೋಡ್ ಕಡೆ ಒಂದ ಬಟ್ಟಿ ಅಂಗಡಿ ಬಿಲ್ಲಿಂಗ್ ಕೌಂಟರ್‌ದಾಗ ಕೆಲಸ ಮಾಡ್ತೀನಿ, ಊರು ಹಾವೇರಿ ಕಡೆ ಹಳ್ಳಿ, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದ್ರ ತಿಳೀತಿತ್ತು, ಆದ್ರ ಹೊರಗಿನ ಕಸ್ಟಮರ್ ಬಂದು ಎದುರಿಗೆ ನಿಂತ್ರ ಮೊದಲನೇ ಶಬ್ದಾನ ಹೊಂಡ್ತಿರಲಿಲ್ಲ. ಹೋದ ವರ್ಷ ಬ್ಯಾರೆ ಒಂದ ಕಡೆ ಕ್ಲಾಸಿಗೆ ಹೋಗಿದ್ದೆ, ಅಲ್ಲಿ ಕ್ಯಾನ್ ಅಂದ್ರ ಬಹುದು, ಮಸ್ಟ್ ಅಂದ್ರ ಬೇಕು ಅಂತ ಪಟ್ಟಿ ಬರಸಿ ಕಳಿಸಿದ್ರು, ಪಟ್ಟಿ ಇನ್ನೂ ನನ್ನ ಹಂತೇಕ ಐತಿ, ಮಾತು ಮಾತ್ರ ಬರಲಿಲ್ಲ. ಹಂಗಾಗಿ ಧಾರವಾಡ ಸಪ್ತಾಪುರದ ಈ ಕ್ಲಾಸಿಗೆ ಸೇರೂ ಮುಂದ ಭಾಳ ಯೋಚನೆ ಮಾಡಿದ್ದೆ. ಆರು ವಾರ, ಶನಿವಾರ ಮತ್ತ ಆದಿತ್ವಾರ, ಫೀ 3,500 ರೂಪಾಯಿ. ಚಿಗರಿ ಬಸ್ಸಿಗೆ ಜುಬಿಲಿ ಸರ್ಕಲ್ ತನಕ ಹೋಗಿ ಅಲ್ಲಿಂದ ಆಟೊ.

ರೊಕ್ಕ ಕೊಟ್ಟಿದ್ದಕ್ಕ ಬಂದಿದ್ದು ಏನಂತ ಕೇಳಿದ್ರ, ಎರಡನೇ ವಾರದ್ದೊಂದ ಪಾಠಾನ ಸಾಕು ಅಂತೀನಿ. ಮೇಡಂ ಬೋರ್ಡ್ ಮ್ಯಾಲ ಮೂರು ಕನ್ನಡ ಮಾತು ಬರದ್ರು. ನಾ ಹೋಗಬಹುದು. ನನಗ ಈಜಾಕ ಬರ್ತೈತಿ. ನನ್ನ ಕಡಿಂದ ಆಗಂಗಿಲ್ಲ. ಇವ ಮೂರನ್ನೂ ಇಂಗ್ಲಿಷಿನ್ಯಾಗ ಹೇಳ್ರಿ ಅಂದ್ರು. ನಾವು ಒಬ್ಬೊಬ್ರು ಟು ಮಿ, ಫ್ರಮ್ ಮೈ ಸೈಡ್ ಅಂತ ಏನೇನೋ ಹೇಳಿದ್ವಿ. ಅವರು ಮೂರಕ್ಕೂ ಒಂದ ತಲಿ ಇಟ್ರು: ಐ ಕ್ಯಾನ್ ಗೋ, ಐ ಕ್ಯಾನ್ ಸ್ವಿಮ್, ಐ ಕಾಂಟ್. ನಮ್ಮ ಭಾಷಾದಾಗ ನಾನು, ನನಗ, ನನ್ನ ಕಡಿಂದ ಅಂತ ಸರ್ವನಾಮ ವೇಷ ಬದಲಿ ಮಾಡ್ತೈತಿ, ಅವರ ಭಾಷಾದಾಗ ಕ್ಯಾನ್ ಮುಂದ ನಿಂತಾವ ಯಾವಾಗ್ಲೂ ಐ, ಹಿ, ಶಿ, ವಿ, ದೇ ಇಂಥಾ ರೂಪಾನ, ಮಿ ಹಿಮ್ ಹರ್ ಅಲ್ಲಿ ಬರಾಂಗಿಲ್ಲ, ಅವಕ್ಕ ಜಾಗಾ ಕ್ರಿಯಾಪದ ಆದ ಮ್ಯಾಲ, ಐ ಕ್ಯಾನ್ ಹೆಲ್ಪ್ ಹಿಮ್ ಅಂದಂಗ. ನನ್ನ ಬಾಯಿ ಯಾಕ ಕಟ್ಟತಿತ್ತು ಅಂತ ಆವತ್ತ ಗೊತ್ತಾತು. ನಾ ಮಾತು ಶುರು ಮಾಡೂದ ನನಗ ಅಂತ ಮನಸಿನ್ಯಾಗ ಅನಕೊಂಡು, ಅಲ್ಲೇ ಸಿಕ್ಕೊಂಡು ನಿಲ್ತಿದ್ದೆ.

ಆಮ್ಯಾಲ ಹಿ ಕ್ಯಾನ್ಸ್ ಅಂತ ಯಾಕ ಆಗಂಗಿಲ್ಲ ಅನ್ನೂದು. ಸಾಲ್ಯಾಗ ಇದನ್ನ ರೂಲ್ ಅಂತ ಉರು ಹೊಡಿಸಿದ್ರು, ಕಾರಣ ಯಾರೂ ಹೇಳಿರಲಿಲ್ಲ. ಕ್ಯಾನ್, ಮೇ, ಶಾಲ್, ಮಸ್ಟ್ ಇವೆಲ್ಲಾ ಭಾಳ ಹಿಂದಿನ ಕಾಲದಾಗ ಭೂತಕಾಲದ ರೂಪದಂಗ ಇದ್ವಂತ, ಹಿ ವೆಂಟ್‌ಗೆ ಎಸ್ ಹತ್ತಂಗಿಲ್ಲಲ್ಲ, ಹಂಗ ಹಿ ಕ್ಯಾನ್‌ಗೂ ಹತ್ತಂಗಿಲ್ಲ, ಮತ್ತ ವಿಲ್ ಬ್ಯಾರೆ ದಾರಿಯಿಂದ ಬಂದು ಇವರ ಗುಂಪಿಗೆ ಸೇರೇತಿ. ಅದಕ್ಕಿಂತ ಚಂದದ ಮಾತು ಅಂದ್ರ, ಕ್ಯಾನ್ ಅನ್ನೂ ಶಬ್ದಕ್ಕ ಮೂಲದಾಗ ಅರ್ಥ ತಿಳಿದಿರೂದು, ಗೊತ್ತಿರೂದು ಅಂತ, ನೋ ಅನ್ನೂ ಕ್ರಿಯಾಪದಾನೂ ಅದರ ಬೇರಿನದ. ನಮ್ಮ ಬಲ್ಲ ನೋಡ್ರಿ! ಬಲ್ಲವನೇ ಬಲ್ಲ ಬೆಲ್ಲದ ರುಚಿ ಅಂದ್ರ ತಿಳಿದಾವ, ಮಾಡಬಲ್ಲ ಅಂದ್ರ ಮಾಡಾಕ ಶಕ್ತಿ ಇದ್ದಾವ, ಎರಡಕ್ಕೂ ಒಂದ ಶಬ್ದ. ಎಷ್ಟ ದೂರದ ಎರಡ ಭಾಷಾ ಒಂದ ದಾರಿ ಹಿಡದಾವ ಅಂತ ನನಗ ಖರೇನ ಖುಷಿ ಆತು. ಫರಕ್ ಇಷ್ಟ, ನಮ್ಮ ಬಲ್ಲ ಮಾಡಬಲ್ಲೆ, ಮಾಡಬಲ್ಲಳು, ಮಾಡಬಲ್ಲರು ಅಂತ ಮಂದಿ ನೋಡಿ ಬದಲಾಕ್ಕೈತಿ, ಬಹುದು ಮತ್ತ ಬೇಕು ಮಾತ್ರ ಬದಲಾಗಂಗಿಲ್ಲ, ನಾ ಮಾಡಬೇಕು ಅವ ಮಾಡಬೇಕು ಅವರು ಮಾಡಬೇಕು. ಅಂದ್ರ ಈ ರೂಲ್ ನಮ್ಮನ್ಯಾಗ ಮೊದಲ ಇತ್ತು, ಹೊರಗಿಂದ ಕಲಿಯೂ ಸಾಮಾನೇ ಅಲ್ಲ.

ಒಂದ ಸೀಟಿನ ಪಾಠ ಮೂರನೇ ವಾರದ್ದು. ಇಂಗ್ಲಿಷ್ ವಾಕ್ಯದಾಗ ಮೋಡಲ್‌ಗೆ, ಅಂದ್ರ ಕ್ಯಾನ್ ಮೇ ಮಸ್ಟ್ ಇಂಥಾ ಸಹಾಯಕ ಕ್ರಿಯಾಪದಕ್ಕ, ಒಂದ ಸೀಟು, ನಾಮಪದದ ಮುಂದ ಡಿಟರ್ಮಿನರ್‌ಗೂ, ಅಂದ್ರ ದಿಸ್ ಮೈ ಇಂಥಾ ಶಬ್ದಕ್ಕೂ, ಒಂದ ಸೀಟು, ಇಬ್ಬರು ಒತ್ತಿ ಕುಂದರಾಕ ಬರಂಗಿಲ್ಲ. ನಾವು ಬರಬೇಕಾಗಬಹುದು ಅಂತ ಬೇಕು ಬಹುದು ಎರಡನ್ನೂ ಜೋಡಸ್ತೀವಿ, ಅದಕ್ಕ ಮೇ ಮಸ್ಟ್ ಕಮ್ ಅಂತ ಹೇಳಿಬಿಡ್ತೀವಿ, ಆಗಬೇಕಾದ್ದು ಮೇ ಹ್ಯಾವ್ ಟು ಕಮ್. ವಿಲ್ ಕ್ಯಾನ್ ಅಲ್ಲ, ವಿಲ್ ಬಿ ಏಬಲ್ ಟು. ಹಂಗ ಈ ನನ್ನ ಗೆಳತಿ ಅನ್ನಾಕ ದಿಸ್ ಮೈ ಫ್ರೆಂಡ್ ಅಂತೀವಿ, ದಿಸ್‌ಗೂ ಮೈಗೂ ಒಂದ ಸೀಟ ಇರೂದ್ರಿಂದ ಒಬ್ಬರು ಹಿಂದ ಹೋಗಬೇಕು, ದಿಸ್ ಫ್ರೆಂಡ್ ಆಫ್ ಮೈನ್. ನಾ ಈ ತಪ್ಪು ದಿನಾ ಮಾಡ್ತಿದ್ದೆ, ಯಾರೂ ತಿದ್ದಿರಲಿಲ್ಲ.

ಅಂಗಡ್ಯಾಗ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕ ಬಂದಿದ್ದು ಎನಿ. ಯೂ ಕ್ಯಾನ್ ಟೇಕ್ ಎನಿ ಕಲರ್, ಯಾವ ಬಣ್ಣ ಬೇಕಾದ್ರೂ ತಗೋಬಹುದು. ಕ್ಯಾನ್ ಜೊತಿ ಎನಿ ಬಂದ್ರ ಆರಿಸೂ ಹಕ್ಕು ಕೇಳಾವ್ರ ಕೈಯಾಗ. ಅದ ಎನಿ ತಗೊಂಡು ಯೂ ಟುಕ್ ಎನಿ ಕಲರ್ ಅಂದ್ರ ಮಾತು ಕೂಡಂಗಿಲ್ಲ, ನಾವೂ ಯಾವ ಬಣ್ಣ ಬೇಕಾದ್ರೂ ತಗೊಂಡ್ರಿ ಅಂತ ಆಗಿಹೋದ ಕೆಲಸಕ್ಕ ಅನ್ನಂಗಿಲ್ಲಲ್ಲ. ಯೂ ಮಸ್ಟ್ ಟೇಕ್ ಎನಿ ಕಲರ್ ಅನ್ನೂದೂ ಸರಿ ಹೊಂದಂಗಿಲ್ಲ, ಒಂದ ಕಡೆ ಜುಲುಮಿ, ಒಂದ ಕಡೆ ನಿಮ್ಮಿಷ್ಟ. ಇನ್ನ ಯಾರಿಗೂ ಬರಾಕ ಆಗಂಗಿಲ್ಲ ಅನ್ನಾಕ ಎನಿಬಡಿ ಕಾಂಟ್ ಕಮ್ ಅಂತಿದ್ವಿ ಎಲ್ಲಾರೂ. ನಾಟ್‌ಗಿಂತ ಮುಂಚೆ ಕರ್ತೃ ಜಾಗಾದಾಗ ಎನಿ ಬಂದು ನಿಲ್ಲಾಂಗಿಲ್ಲ, ನೋಬಡಿ ಕ್ಯಾನ್ ಕಮ್ ಅನ್ನಬೇಕು, ಇಲ್ಲ ಅನ್ನೂದು ಸರ್ವನಾಮದಾಗ ಒಮ್ಮೆ ಬಂತಂದ್ರ ಮೋಡಲ್‌ಗೆ ಮತ್ತ ಹಚ್ಚಬಾರದು.

ಗೌರವದ ಮಾತು ನನಗ ಭಾಳ ಹಿಡಿಸಿತು. ನಮ್ಮಲ್ಲೆ ನೀ, ನೀವು, ತಾವು, ಮತ್ತ ನಮ್ಮ ಉತ್ತರ ಕರ್ನಾಟಕದ ರೀ, ಕೊಡ್ರಿ ಬರ್ರಿ ಕುಂದರ್ರಿ. ಇಂಗ್ಲಿಷಿನ್ಯಾಗ ಇವೆಲ್ಲಕ್ಕೂ ಒಂದ ಯೂ, ಹಂಗಾದ್ರ ನಮ್ಮ ರೀ ಎಲ್ಲಿ ಹೋತು? ಮೇಡಂ ಹೇಳಿದ್ರು, ಅದು ಸರ್ವನಾಮ ಬಿಟ್ಟು ಮೋಡಲ್ ಮ್ಯಾಲ ಹೋಗಿ ಕುಂತೈತಿ. ಗಿವ್ ಮಿ ಯುವರ್ ಕಾರ್ಡ್ ಅಂದ್ರ ಕಾರ್ಡ್ ಕೊಡು, ಕುಡ್ ಐ ಹ್ಯಾವ್ ಯುವರ್ ಕಾರ್ಡ್ ಪ್ಲೀಸ್ ಅಂದ್ರ ಕಾರ್ಡ್ ಸ್ವಲ್ಪ ಕೊಡ್ತೀರೇನ್ರಿ. ಎರಡು ವರ್ಷ ನಾ ಕಸ್ಟಮರ್‌ಗೆ ಏಕವಚನದಾಗ ಮಾತಾಡಿದಂಗ ಆಗಿತ್ತಲ್ಲ ಅಂತ ಮನಸಿಗೆ ಭಾಳ ಕೆಟ್ಟ ಅನಿಸ್ತು, ಮರದಿನಾನ ಕೌಂಟರ್‌ದಾಗ ಮಾತು ಬದಲಿ ಮಾಡಿದೆ.

ಊಟಕ್ಕ ಕರದಾವ್ರ ಮನ್ಯಾಗ ಇನ್ನೊಂಚೂರು ಹಾಕ್ಲೇನ್ರಿ ಅಂತೀವಲ್ಲ, ಆ ಲೇನ್ರಿಗೆ ಶಾಲ್ ಐ. ಹೋಗೂಣೇನು ಅಂದ್ರ ಶಾಲ್ ವಿ. ಈಗ ಕೇಳೂ ಮಾತಿನ್ಯಾಗ ಶಾಲ್ ಹೆಚ್ಚು ಐ ಮತ್ತ ವಿ ಜೊತಿಗೇ ಬರೂದು. ಮತ್ತ ಚಾ ಕೇಳೂ ಮುಂದ ವುಡ್ ಯೂ ಲೈಕ್ ಸಮ್ ಟೀ, ಪ್ರಶ್ನೆ ಇದ್ರೂ ಸಮ್, ಯಾಕಂದ್ರ ಹೂಂ ಅನ್ಲಿ ಅಂತ ಕೇಳತೀವಿ.

ಮಸ್ಟ್ ನಾಟ್ ಅಂದ್ರ ಬರಬಾರದು, ಡೋಂಟ್ ಹ್ಯಾವ್ ಟು ಅಂದ್ರ ಬರಬೇಕಂತೇನಿಲ್ಲ, ಇದು ಕನ್ನಡದಾಗ ಹೇಳಿದ ಕೂಡಲೆ ಎಲ್ಲಾರಿಗೂ ತಿಳೀತು.

ಈಗ ಸರಿ ಇಲ್ಲದ್ದೂ ಹೇಳಬೇಕು, ಇಲ್ಲಂದ್ರ ರೊಕ್ಕ ಕೊಟ್ಟು ಹೋಗಾವ್ರಿಗೆ ಅನ್ಯಾಯ ಆಕ್ಕೈತಿ. ಒಂದ ರೂಮಿನ್ಯಾಗ ನಲವತ್ತು ಮಂದಿ, ಫ್ಯಾನ್ ಸಪ್ಪಳದಾಗ ಹಿಂದಿನ ಬೆಂಚಿಗೆ ಅರ್ಧ ಪಾಠ ಕೇಳಂಗಿಲ್ಲ. ಮಾತಾಡೂ ಪಾಳಿ ಒಬ್ಬರಿಗೆ ಎರಡು ನಿಮಿಷ ಸಿಕ್ರ ಭಾಳ ಆತು, ಕಲಿಯಾಕ ಬಂದಿದ್ದ ಮಾತಾಡೂದು, ಅದಕ್ಕ ಹೊತ್ತು ಇಲ್ಲಂದ್ರ ಹೆಂಗ? ಝೆರಾಕ್ಸ್ ಹಾಳಿಯೊಳಗ ಉತ್ತರದಾಗ ತಪ್ಪು ಇದ್ವು, ಒಂದ ಕಡೆ ಮಸ್ಟ್ ಆದ ಮ್ಯಾಲ ಟು ಗೋ ಅಂತ ಇತ್ತು, ಮಸ್ಟ್ ಗೋ ಅಂತ ಇರಬೇಕಾಗಿತ್ತು, ಪಾಠದಾಗ ಅದನ್ನ ಮಾಡಬ್ಯಾಡ್ರಿ ಅಂತ ಹೇಳಿ ಹಾಳಿಯೊಳಗ ಅದನ್ನ ಅಚ್ಚು ಹಾಕೂದು ಎಷ್ಟ ಸರಿ. ಶುಡ್ ಹ್ಯಾವ್, ಮಸ್ಟ್ ಹ್ಯಾವ್ ಎರಡನ್ನೂ ಕಡೀ ದಿನ ಒಂದ ತಾಸಿನ್ಯಾಗ ಮುಗಿಸಿದ್ರು. ಯೂ ಶುಡ್ ಹ್ಯಾವ್ ಟೋಲ್ಡ್ ಮಿ, ನನಗ ಹೇಳಬೇಕಾಗಿತ್ತು, ಇಂಥಾ ಮಾತು ಮನ್ಯಾಗ ಅಂಗಡ್ಯಾಗ ದಿನಾ ಬರ್ತಾವು, ಒಂದ ಪೂರ್ತಿ ವಾರ ಬೇಕು ಅದಕ್ಕ. ಶನಿವಾರದ ಕ್ಲಾಸು ಒಮ್ಮೆನೂ ಟೈಮಿಗೆ ಶುರು ಆಗಲಿಲ್ಲ, ಹುಬ್ಬಳ್ಳಿಯಿಂದ ರಜಾ ಹೊಂದಿಸಿಕೊಂಡು ಬರಾವ್ರಿಗೆ ಅರ್ಧ ತಾಸು ಅಂದ್ರ ಸಣ್ಣದಲ್ಲ. ಇದನ್ನ ಆಫೀಸ್‌ದಾಗ ಬರದು ಕೊಟ್ಟು ಬಂದೇನಿ.

ಐದರಾಗ ನಾಲ್ಕು ಸ್ಟಾರ್ ಕೊಡ್ತೀನಿ, ನಾಲ್ಕೂ ಆ ಮೇಡಂಗ. ಹೋಗಾವ್ರು ಮುಂದಿನ ಎರಡ ಸಾಲಿನ್ಯಾಗ ಕುಂದರ್ರಿ, ಹಾಳಿ ನಂಬಬ್ಯಾಡ್ರಿ, ಬೋರ್ಡ್ ಮ್ಯಾಲಿಂದ ನೀವ ಬರಕೊಳ್ರಿ. ನಮ್ಮ ತಂಗಿನ್ನ ಮುಂದಿನ ಬ್ಯಾಚಿಗೆ ಹಾಕಾಕತ್ತೇನಿ, ಬರೇ ಆದಿತ್ವಾರ ನಡಿಯೂ ಮುಂಜಾನಿ ಬ್ಯಾಚ್ ಹೊಸದಾಗಿ ಶುರು ಮಾಡ್ತಾರಂತ, ಅದರಾಗ ಮಂದಿ ಕಡಿಮಿ.