ತೋಟದ ಮನೆಯಲ್ಲಿ ಮೂರು ಬಗೆಯ ವಾಷಿಂಗ್ ಮಷಿನ್: ಹದಿನೈದು ವರ್ಷಗಳ ಬಳಕೆಯ ಅನುಭವ

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. 2009ರಲ್ಲಿ ಕೊಂಡ ಎರಡು ಟಬ್ಬಿನ ಸೆಮಿ ಆಟೊಮ್ಯಾಟಿಕ್ ಯಂತ್ರ ಇಂದಿಗೂ ಬಚ್ಚಲಿನ ಪಕ್ಕದಲ್ಲಿ ಕೆಲಸ ಮಾಡುತ್ತಿದೆ. 2014ರಿಂದ ಐದು ವರ್ಷ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಟಾಪ್ ಲೋಡ್ ಯಂತ್ರ ಬಳಸಿದೆವು. ಊರಿಗೆ ಮರಳಿದ 2019ರಲ್ಲಿ 7 ಕಿಲೋದ ಫ್ರಂಟ್ ಲೋಡ್ ತಂದೆವು. ಯಾವುದು ಚೆನ್ನಾಗಿ ಒಗೆಯುತ್ತದೆ ಎಂದು ನೆಂಟರು ಕೇಳಿದಾಗ, ನಿಮ್ಮ ಬಟ್ಟೆಗೆ ಯಾವ ಬಗೆಯ ಕೊಳೆ ಹೆಚ್ಚು ಎಂದು ನಾನು ಮೊದಲು ವಿಚಾರಿಸುತ್ತೇನೆ. ಏಕೆಂದರೆ ತೋಟದ ಕೆಸರನ್ನು ಬಿಡಿಸುವ ಬಗೆಗೂ ದಿಂಬಿನ ಹೊದಿಕೆಗೆ ಹತ್ತಿದ ತಲೆಯೆಣ್ಣೆಯನ್ನು ಬಿಡಿಸುವ ಬಗೆಗೂ ಬಹಳ ವ್ಯತ್ಯಾಸವಿದೆ.

ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ರಸಾಯನಶಾಸ್ತ್ರಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದನ್ನು ಸರಳವಾಗಿ ವಿವರಿಸಿದ್ದರು. ಸಾಬೂನು, ಉಜ್ಜಾಟ, ಶಾಖ, ಸಮಯ ಈ ನಾಲ್ಕು ಸೇರಿ ಕೊಳೆ ತೆಗೆಯುತ್ತವೆ. ಒಂದನ್ನು ಕಡಿಮೆ ಮಾಡಿದರೆ ಉಳಿದವನ್ನು ಹೆಚ್ಚಿಸಬೇಕು. ಮೂರು ಯಂತ್ರಗಳ ನಡುವಿನ ಅಂತರವೆಲ್ಲ ಈ ನಾಲ್ಕನ್ನು ಯಾವ ಪ್ರಮಾಣದಲ್ಲಿ ಬೆರೆಸುತ್ತವೆ ಎಂಬುದರಲ್ಲೇ ಇದೆ.

ಸೆಮಿ ಆಟೊಮ್ಯಾಟಿಕ್ ಮತ್ತು ಟಾಪ್ ಲೋಡ್ ಎರಡರಲ್ಲೂ ಟಬ್ಬಿನ ತಳದಲ್ಲಿ ಪಲ್ಸೇಟರ್ ಎಂಬ ತಟ್ಟೆಯಿರುತ್ತದೆ. ಅದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿ ನೀರಿನಲ್ಲಿ ಸುಳಿ ಎಬ್ಬಿಸುತ್ತದೆ. ಬಟ್ಟೆಗಳು ತುಂಬಿದ ನೀರಿನಲ್ಲಿ ತೇಲುತ್ತ ಪರಸ್ಪರ ಉಜ್ಜಿಕೊಳ್ಳುತ್ತವೆ. ಫ್ರಂಟ್ ಲೋಡಿನಲ್ಲಿ ಡ್ರಮ್ ಅಡ್ಡವಾಗಿ ಮಲಗಿರುತ್ತದೆ. ಅದರ ಒಳಗಿನ ಏಣುಗಳು ಬಟ್ಟೆಯನ್ನು ಮೇಲಕ್ಕೆತ್ತಿ, ತಳದಲ್ಲಿರುವ ಸ್ವಲ್ಪ ನೀರಿಗೆ ಮತ್ತೆ ಮತ್ತೆ ಬೀಳಿಸುತ್ತವೆ. ಇದು ಒಗೆಯುವ ಕಲ್ಲಿನ ಮೇಲೆ ಬಟ್ಟೆಯನ್ನು ಕುಕ್ಕುವುದಕ್ಕೆ ಹತ್ತಿರವಾದ ಕ್ರಮವಾದರೂ ಪೆಟ್ಟು ಮೃದುವಾಗಿರುತ್ತದೆ. ಪಲ್ಸೇಟರ್ ಯಂತ್ರದಲ್ಲಿ ಸೀರೆ, ಪಂಚೆಗಳು ಹಗ್ಗದಂತೆ ಹೊಸೆದುಕೊಂಡು ಅಂಚು ಬೇಗ ಸವೆಯುತ್ತಿತ್ತು. ಫ್ರಂಟ್ ಲೋಡಿಗೆ ಬಂದ ಮೇಲೆ ಹತ್ತಿ ಬಟ್ಟೆಗಳ ಬಾಳಿಕೆ ಹೆಚ್ಚಿದ್ದು ನಮಗೆ ಕಣ್ಣಿಗೆ ಕಾಣುವಂತಿದೆ.

ಜಿಡ್ಡಿನ ವಿಷಯದಲ್ಲಿ ಫ್ರಂಟ್ ಲೋಡಿಗೆ ಸಾಟಿಯಿಲ್ಲ. ಕಾರಣ ಅದರೊಳಗಿನ ಹೀಟರ್ ಕೊಡುವ ಶಾಖ. ಒಮ್ಮೆಗೆ ತುಂಬುವ ಸುಮಾರು 15 ಲೀಟರ್ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಕಾಲು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಸಾಕು. ಅದೇ 50 ಲೀಟರ್ ನೀರಾದರೆ ಮುಕ್ಕಾಲು ಯೂನಿಟ್ ದಾಟುತ್ತದೆ. ಕಡಿಮೆ ನೀರಿನ ಯಂತ್ರಕ್ಕೆ ಹೀಟರ್ ಹೆಚ್ಚು ಒಗ್ಗುವುದು ಹೀಗೆ. ಸಾಬೂನೂ ಅಷ್ಟು ಕಡಿಮೆ ನೀರಿನಲ್ಲಿ ಕರಗುವುದರಿಂದ ಸಾಬೂನು ನೀರು ಗಾಢವಾಗಿರುತ್ತದೆ, ಡಿಟರ್ಜೆಂಟಿನಲ್ಲಿರುವ ಕಿಣ್ವಗಳೂ ಬೆಚ್ಚಗಿನ ನೀರಿನಲ್ಲಿ ಚುರುಕಾಗುತ್ತವೆ. ಬೆಂಗಳೂರಿನಲ್ಲಿ ಕೊಳವೆಬಾವಿಯ ಗಡಸು ನೀರನ್ನು ಬಿಸಿ ಮಾಡದೆ ಒಗೆಯುತ್ತಿದ್ದಾಗ ದಿಂಬಿನ ಹೊದಿಕೆಗಳು ಹಳದಿಗಟ್ಟಿ, ಒಣಗಿದ ಮೇಲೂ ಕಮಟು ವಾಸನೆ ಬಿಡುತ್ತಿರಲಿಲ್ಲ. ಅವೇ ಹೊದಿಕೆಗಳನ್ನು ಊರಿಗೆ ತಂದು 60 ಡಿಗ್ರಿಯಲ್ಲಿ ಮೂರು ಬಾರಿ ಒಗೆದ ಮೇಲೆ ವಾಸನೆ ಪೂರ್ತಿ ಹೋಯಿತು. ಇದರಲ್ಲಿ ಗುಡ್ಡದಿಂದ ಹರಿದು ಬರುವ ನಮ್ಮ ಅಬ್ಬಿ ನೀರು ಮೆದುವಾಗಿರುವುದರ ಪಾಲೂ ಇದೆಯೆಂದು ಒಪ್ಪುತ್ತೇನೆ. ಮೆದು ನೀರಿಗೆ ಪೊಟ್ಟಣದ ಮೇಲೆ ಹೇಳಿದಷ್ಟು ಪುಡಿ ಹಾಕಿದರೆ ಡ್ರಮ್ಮಿನ ತುಂಬ ನೊರೆ ಎದ್ದು ಬಟ್ಟೆ ಬೀಳುವ ಪೆಟ್ಟೇ ತಗ್ಗುತ್ತದೆ. ನಾವು ಅರ್ಧದಷ್ಟನ್ನೇ ಹಾಕುತ್ತೇವೆ. ಆದರೆ ರಕ್ತ, ಹಾಲು, ಮೊಟ್ಟೆಯ ಕಲೆಯಿದ್ದ ಬಟ್ಟೆಯನ್ನು ಮೊದಲೇ ಬಿಸಿ ನೀರಿಗೆ ಹಾಕಬಾರದು. ಶಾಖಕ್ಕೆ ಅವು ನೂಲಿನಲ್ಲೇ ಕಚ್ಚಿಕೊಳ್ಳುತ್ತವೆ.

ಕೆಸರಿನ ವಿಷಯದಲ್ಲಿ ಈ ಲೆಕ್ಕವೆಲ್ಲ ತಿರುಗುಮುರುಗಾಗುತ್ತದೆ. ಮಣ್ಣು ಸಾಬೂನಿಗೆ ಕರಗುವ ವಸ್ತುವಲ್ಲ. ಅದನ್ನು ನೀರು ಹೊತ್ತು ಹೊರಗೆ ಸಾಗಿಸಬೇಕು. ತೋಟಕ್ಕೆ ಔಷಧಿ ಹೊಡೆದು ಬಂದ ದಿನದ ಪ್ಯಾಂಟು, ಗದ್ದೆ ಕೆಲಸದ ಪಂಚೆಗಳನ್ನು ಫ್ರಂಟ್ ಲೋಡಿಗೆ ಹಾಕಿದ ಮೊದಲ ಮಳೆಗಾಲದಲ್ಲಿ, ಕೆಂಪು ಮಣ್ಣು ಸ್ವಲ್ಪ ನೀರಿನಲ್ಲೇ ಸುತ್ತಿ ಮತ್ತೆ ಬಟ್ಟೆಗೆ ಅಂಟಿತು, ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಮರಳು ಕೂತಿತು, ಕೆಳಗಿನ ಫಿಲ್ಟರ್ ತೆರೆದಾಗ ಅಡಿಕೆ ಸಿಪ್ಪೆಯ ನಾರೂ ಸಿಕ್ಕಿತು. ಅಂದಿನಿಂದ ಕೆಲಸದ ಬಟ್ಟೆಗಳೆಲ್ಲ ಹಳೆಯ ಸೆಮಿ ಆಟೊಮ್ಯಾಟಿಕ್‌ಗೆ ಹೋಗುತ್ತವೆ. ಅದರಲ್ಲಿ ಮೊದಲ ನೀರು ಎಷ್ಟು ಕೆಂಪಾಗಿದೆ ಎಂದು ಕಣ್ಣಿಂದಲೇ ನೋಡಿ, ಚೆಲ್ಲಿ, ಮತ್ತೆ ತುಂಬಿಸಬಹುದು. ಔಷಧಿ ಹೊಡೆಯುವಾಗ ತೊಟ್ಟ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಸೇರಿಸದಿರಲೂ ಎರಡನೆಯ ಯಂತ್ರ ಬೇಕೇ ಬೇಕು. ಮಕ್ಕಳಿರುವ ಮನೆಯವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದೆಂದು ಕೇಳಿಕೊಳ್ಳುತ್ತೇನೆ. ಬಕೆಟ್ಟಿನಲ್ಲಿ ಅಳೆದು ನೋಡಿದಾಗ ಈ ಯಂತ್ರಕ್ಕೆ ಎರಡು ಬಾರಿ ಜಾಲಿಸುವುದೂ ಸೇರಿ 140 ಲೀಟರ್‌ನಷ್ಟು ನೀರು ಹಿಡಿಯಿತು. ಫ್ರಂಟ್ ಲೋಡಿಗೆ 60 ಲೀಟರ್ ಒಳಗೆ ಮುಗಿಯಿತು. ನೀರು ಕೊಂಡು ಬಳಸುವ ಊರಿನಲ್ಲಿ ನನ್ನ ಸಲಹೆ ಬೇರೆಯೇ ಆಗುತ್ತಿತ್ತು.

ಅಡಿಕೆಯ ಚೊಗರು, ಅಂದರೆ ಅದರ ಒಗರು ರಸದ ಕಲೆ, ಮತ್ತು ಅರಿಶಿನದ ಕಲೆಯನ್ನು ಮೂರೂ ಯಂತ್ರಗಳು ತೆಗೆಯಲಿಲ್ಲ. ಅರಿಶಿನ ಸಾಬೂನು ತಾಗಿದೊಡನೆ ಕೆಂಪಾಗಿ ಹೆದರಿಸುತ್ತದೆ. ಬಿಸಿಲಿಗೆ ಹರಡಿದರೆ ತಾನಾಗಿ ಮಾಸುತ್ತದೆ. ಚೊಗರಿಗೆ ಮಾತ್ರ ಹಳೆಯ ಅಂಗಿಯನ್ನು ಅದಕ್ಕೆಂದೇ ಮೀಸಲಿಡುವುದೊಂದೇ ದಾರಿ.

ಮಲೆನಾಡಿನಲ್ಲಿ ಒಗೆಯುವುದಕ್ಕಿಂತ ಒಣಗಿಸುವುದು ಕಷ್ಟ. ಟಾಪ್ ಲೋಡ್ ನಿಮಿಷಕ್ಕೆ 700 ಸುತ್ತು ತಿರುಗಿ ಹಿಂಡುತ್ತಿತ್ತು, ಫ್ರಂಟ್ ಲೋಡ್ 1200 ಸುತ್ತು. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಒಂದೇ ಅಗಲದ ಡ್ರಮ್ಮಾದರೆ ಹಿಂಡುವ ಶಕ್ತಿ ಸುಮಾರು ಮೂರು ಪಟ್ಟಾಗುತ್ತದೆ. ಆಷಾಢದಲ್ಲಿ ಜಗಲಿಯ ತಂತಿಗೆ ಹಾಕಿದ ಟವೆಲ್ ಎರಡನೆಯ ದಿನಕ್ಕೆ ಒಣಗುತ್ತದೆಯೋ, ಮುಗ್ಗಲು ಹಿಡಿಯುತ್ತದೆಯೋ ಎಂಬುದು ಇದರ ಮೇಲೆ ನಿಂತಿದೆ.

ದೂರುಗಳೂ ಇವೆ. ಫ್ರಂಟ್ ಲೋಡ್ ಒಂದು ಒಗೆತಕ್ಕೆ ಒಂದೂವರೆ ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಬಟ್ಟೆ ಒಳಗೇ ಬಂದಿ. ರಬ್ಬರ್ ಮಡಿಕೆಗೆ ಮೂರನೆಯ ವರ್ಷ ಕಪ್ಪು ಬೂಸು ಹಿಡಿದು ಅದನ್ನು ಬದಲಿಸಬೇಕಾಯಿತು, ಸರ್ವೀಸಿನವರು ಸಾಗರದವರೆಗೆ ಬರಲು ಹತ್ತು ದಿನ ಹಿಡಿಯಿತು. ಈಗ ಪ್ರತಿ ಒಗೆತದ ನಂತರ ಮಡಿಕೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ಬಾಗಿಲನ್ನು ತೆರೆದೇ ಬಿಡುತ್ತೇವೆ, ತಿಂಗಳಿಗೊಮ್ಮೆ ಖಾಲಿ ಡ್ರಮ್ಮನ್ನು ಬಿಸಿ ನೀರಿನಲ್ಲಿ ಓಡಿಸುತ್ತೇವೆ. ಹೊಸ ರಬ್ಬರಿಗೆ ಇದುವರೆಗೆ ಬೂಸು ಬಂದಿಲ್ಲ.